ಹಳೆಯ ರೋಗಿ, ಹೊಸ ರೋಗಿ

ಮಾರ್ಚ್ 4, ಮಂಗಳವಾರ

ಇವತ್ತೂ ರಿವ್ಯೂ. ಇವನ ಕೋಡೇ. ಗಂಡನ ಕೋಡನ್ನು ಹೆಂಡತಿ ತಿದ್ದುವುದೆಂದರೆ ಅಕ್ಕಪಕ್ಕದ ಮೇಜಿನವರಿಗೆ ಪುಕ್ಕಟೆ ಮನರಂಜನೆ.

ಆಸ್ಪತ್ರೆಯ ಹಳೆ ಅಮೆರಿಕನ್ ಸಾಫ್ಟ್‌ವೇರ್ ತೆಗೆದು ನಮ್ಮದನ್ನು ಹಾಕುತ್ತಿದ್ದೇವೆ. ರೋಗಿಯ ವಿವರ ತುಂಬುವ ಅಚ್ಚಿಗೆ, ಅಂದರೆ ಕ್ಲಾಸಿಗೆ, ಅದರಲ್ಲಿ 'ಹಳೆರೋಗಿ' ಎಂದು ಹೆಸರು, ನಮ್ಮದರಲ್ಲಿ 'ರೋಗಿ'. ವಯಸ್ಸು, ತೂಕ, ಅಲರ್ಜಿ... ಅದೇ ಫೀಲ್ಡು, ಅದೇ ಕ್ರಮ. ಇವನು ಒಂದೇ ಸಾಲಿನಲ್ಲಿ, ಹಳೆಯದನ್ನೇ ಹೊಸದೆಂದು ಓದಿಸುವ ಬಲವಂತದ 'ಕಾಸ್ಟ್' ಬರೆದು ಮುಗಿಸಿದ್ದಾನೆ. ಕೋಡಿನ ತಪ್ಪು ಹಿಡಿಯುವ ಕಂಪೈಲರ್ ಬಾಯಿ ಮುಚ್ಚಿಕೊಂಡಿತು. ನನಗಾಗಲಿಲ್ಲ.

"ಕಾಸ್ಟ್ ಮಾಡಿದ್ರೆ ಒಳಗಿರೋದು ಬದಲಾಗಲ್ಲ. ಹಳೇದನ್ನೇ ಹೊಸದು ಅಂದ್ಕೊಂಡು ಓದ್ತೀವಿ ಅಷ್ಟೆ. ಒಂದೊಂದೇ ಫೀಲ್ಡ್ ನೋಡಿ ಹೊಸ ರೋಗೀನ ಕಟ್ಟು. ಕನ್ವರ್ಷನ್ ಬರಿ."

"ಟೆಸ್ಟೆಲ್ಲ ಪಾಸಾಗಿದೆ. ಮೊಸರಲ್ಲಿ ಕಲ್ಲು ಹುಡುಕ್ಬೇಡ. ಏನು ತಪ್ಪಾಗುತ್ತೆ, ಅದನ್ನ ಹೇಳು!"

ಏನೆಂದು ನನಗೂ ಗೊತ್ತಿರಲಿಲ್ಲ. ಒಪ್ಪಿಗೆ ಮಾತ್ರ ಕೊಡಲಿಲ್ಲ.

ಮಾರ್ಚ್ 6

ಬೇರೆಯವರಿಂದ ಒಪ್ಪಿಗೆ ಪಡೆದನಂತೆ. ಬಾಸ್ ಬೆನ್ನು ತಟ್ಟಿದರು. ಮುಂದಿನ ತಿಂಗಳಿಂದ ಇವನೇ ಟೀಮ್ ಲೀಡ್.

ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡೆವು. ಅತ್ತೆ ಸಾಕಾಗಿ ಕೇಳಿದರು — "ಆಫೀಸಿನ ಜಗಳಾನ ಆಫೀಸಲ್ಲೇ ಬಿಟ್ಟು ಬರೋಕಾಗಲ್ವಾ ನಿಮಗೆ?"

ಮಾರ್ಚ್ 9, ಭಾನುವಾರ, ಸಂಜೆ

ಆದದ್ದನ್ನೆಲ್ಲ ಈಗಲೇ ಬರೆದಿಡಬೇಕು.

ನಿನ್ನೆಯಿಂದ ಆಸ್ಪತ್ರೆಯಲ್ಲಿ ಹೊಸ ಸಾಫ್ಟ್‌ವೇರ್ ಚಾಲೂ. ಕೂತಲ್ಲಿ ಕೂರಲಾಗಲಿಲ್ಲ. ಬಟ್ಟೆ ಮಷೀನಿಗೆ ಹಾಕಿ, ಹಳೆಯ ಕೋಡು ತೆರೆದೆ. ತೂಕದ ಪಕ್ಕದಲ್ಲಿ ಒಂದು ಪದ: ಪೌಂಡ್. ನಮ್ಮದರಲ್ಲಿ ಕಿಲೋ. ಟೆಸ್ಟಿನ ರೋಗಿಗಳನ್ನೆಲ್ಲ ಇವನೇ ಸೃಷ್ಟಿಸಿದ್ದು — ಕಿಲೋದಲ್ಲೇ. ಮಕ್ಕಳಿಗೆ ಔಷಧ ಎಷ್ಟೆಂದು ಸಾಫ್ಟ್‌ವೇರ್ ಲೆಕ್ಕ ಹಾಕುವುದು ತೂಕ ನೋಡಿ. ಅಂದರೆ ಎರಡು ಪಟ್ಟಿಗಿಂತ ಹೆಚ್ಚು ಔಷಧ.

ತೋರಿಸಿದೆ. ಇವನ ಮುಖ ಬಿಳಿಚಿಕೊಂಡಿತು.

"ಮೊದ್ಲು ಬಾಸ್‌ಗೆ ಹೇಳೋಣ. ಅವ್ರು ಏನಂತಾರೋ..."

"ಅವ್ರು ಮೀಟಿಂಗ್ ಕರೀತಾರೆ!"

ಮಕ್ಕಳ ವಾರ್ಡಿಗೆ ನಾನೇ ಫೋನ್ ಮಾಡಿದೆ. ಎತ್ತಿದ ನರ್ಸ್ ಗದರಿದಳು — "ಯಾರ್ರೀ ನೀವು? ಇಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ."

"ಸ್ಕ್ರೀನಲ್ಲಿರೋ ತೂಕ ನಂಬಬೇಡಿ. ದಯವಿಟ್ಟು ಈಗಲೇ ನೋಡಿ."

"ತಾಳಿ... ಆರು ವರ್ಷದ ಹುಡುಗಿ. ನಲವತ್ತು ಕಿಲೋ ಅಂತಿದೆ... ಅಯ್ಯೋ, ಡ್ರಿಪ್ ಹೋಗ್ತಿದೆ!"

ರಿಸೀವರ್ ಮೇಜಿಗೆ ಬಡಿದ ಸದ್ದು. ಓಡುವ ಹೆಜ್ಜೆಗಳು. ಯಾರೋ ಯಾರನ್ನೋ ಕೂಗಿದರು. ನಾನು ಫೋನ್ ಹಿಡಿದುಕೊಂಡೇ ನಿಂತಿದ್ದೆ. ಇವನು ನನ್ನ ಭುಜ ಹಿಡಿದಿದ್ದ, ನೋಯುವಷ್ಟು.

ಕೊನೆಗೆ ನರ್ಸ್ ಮತ್ತೆ ಫೋನಿಗೆ ಬಂದಳು. ಡ್ರಿಪ್ ನಿಲ್ಲಿಸಿದ್ದಾರೆ. ಸ್ವಲ್ಪ ಒಳಗೆ ಹೋಗಿದೆ. ಡಾಕ್ಟರ್ ಪಕ್ಕದಲ್ಲೇ ಇದ್ದಾರೆ. ಉಳಿದ ಮಕ್ಕಳನ್ನು ಮತ್ತೆ ತೂಗುತ್ತಿದ್ದಾರೆ.

ಆಮೇಲೆ ಬಾಸ್‌ಗೆ ಇವನೇ ಫೋನ್ ಮಾಡಿದ. ಆಸ್ಪತ್ರೆಯವರು ಹಳೆಯ ಸಾಫ್ಟ್‌ವೇರಿಗೇ ಮರಳಿದರು. ಬಟ್ಟೆ ಮಷೀನಲ್ಲೇ ಮುದ್ದೆಯಾಗಿ ಬಿದ್ದಿದೆ.

ಮಾರ್ಚ್ 10

ಹುಡುಗಿಗೆ ವಾಂತಿಯಂತೆ. ಬೇರೇನೂ ಇಲ್ಲವಂತೆ... ಇನ್ನೂ ನೋಡಬೇಕಂತೆ.

ಮೀಟಿಂಗ್. ಬಾಸ್ ನಯವಾಗಿ ದಾರಿ ಹುಡುಕಿದರು — "ಅವರ ಡೇಟಾನೇ ಸರಿ ಇರಲಿಲ್ಲ ಅಂತ ಬರೆಯೋಣ. ಲೀಡ್ ಆಗೋ ಹೊತ್ತಲ್ಲಿ ನಿಮಗ್ಯಾಕೆ ಇದೆಲ್ಲ?"

ಇವನು ತಲೆ ತಗ್ಗಿಸಿಯೇ ಕೂತಿದ್ದ. ಬಾಯಿ ಬಿಡುವುದಿಲ್ಲವೇನೋ ಎಂದುಕೊಂಡೆ. ಆಮೇಲೆ ಎದ್ದ.

"ಡೇಟಾ ಸರಿಯಾಗೇ ಇತ್ತು ಸರ್. ನಾನು ಓದಿದ್ದು ತಪ್ಪು. ಇವಳು ಬೇಡ ಅಂದಿದ್ದಳು, ಕೇಳಲಿಲ್ಲ."

ಲೀಡ್ ಮಾತು ಅಲ್ಲಿಗೇ ಮುಗಿಯಿತು. ಲಿಫ್ಟಿನಲ್ಲಿ ಇವನ ಕೈ ಹಿಡಿದುಕೊಂಡೆ. ಐಸಿನಂತಿತ್ತು.

ಮಾರ್ಚ್ 15

ಹುಡುಗಿ ಮನೆಗೆ ಹೋದಳು! ನರ್ಸೇ ಫೋನ್ ಮಾಡಿ ತಿಳಿಸಿದಳು. ಇವನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ಅಳುವ ಸದ್ದು ಆದರೂ ಕೇಳಿಸಿತು.

ಮಾರ್ಚ್ 17, ಬೆಳಿಗ್ಗೆ

ಕನ್ವರ್ಷನ್ ಬರೆದು ರಿವ್ಯೂಗೆ ಕಳಿಸಿದ್ದಾನೆ. ಹಳೆಯದನ್ನು ಓದಿ, ಪೌಂಡನ್ನು ಕಿಲೋ ಮಾಡಿ, ಹೊಸ ರೋಗಿಯನ್ನು ಕಟ್ಟುತ್ತದೆ. ಅಚ್ಚುಕಟ್ಟು. ಬೆಲ್ಟ್ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತು ಕೇಳಿದ — "ಈಗಾದ್ರೂ ಒಪ್ತೀಯಾ ತಾಯಿ?"

ಒಪ್ಪಿಗೆಯ ಬಟನ್ ಮೇಲೆ ಬೆರಳಿಟ್ಟೆ. ಅಲರ್ಜಿಯ ಸಾಲು ಕಣ್ಣಿಗೆ ಬಿತ್ತು. ಇದ್ದಂತೆಯೇ ನಕಲು ಮಾಡಿದ್ದಾನೆ. ಹಳೆಯದರಲ್ಲಿ ಖಾಲಿ ಬಿಟ್ಟರೆ 'ಇನ್ನೂ ಕೇಳಿಲ್ಲ' ಎಂದರ್ಥ. ನಮ್ಮದರಲ್ಲಿ ಖಾಲಿ ಎಂದರೆ 'ಅಲರ್ಜಿ ಇಲ್ಲ'. ಇವನಿಗೆ ಹೇಗೆ ಹೇಳಲಿ?

"ಬಾ ಇಲ್ಲಿ" ಅಂದೆ. ಬಂದ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. "ಯಾವ ಸಾಲು?" ಅಂತ ಕೇಳಿದ.