ಕೋಟೆಯಮ್ಮ

ಮನೆಯಿಂದ
ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ತಮ್ಮ,

ಹೇಗಿದ್ದೀಯ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಬರೆಯಲು ಕೂತರೆ ಊಟ ಮರೆಯುವವನು ನೀನು. ಈಗ ಹೊತ್ತುಹೊತ್ತಿಗೆ ತಿನ್ನುತ್ತಿದ್ದೀಯ ಎಂದು ನಂಬುವಷ್ಟು ದಡ್ಡ ನಾನಲ್ಲ. ನಾಲ್ಕು ವರ್ಷ ಮಾತು ಬಿಟ್ಟವನು ಈಗ ಹೊಟ್ಟೆ ವಿಚಾರಿಸಲು ಬಂದ ಎಂದು ನಗಬೇಡ. ವಾರಪತ್ರಿಕೆಯ ಕಚೇರಿಗೆ ಮೂರು ಸಲ ಅಲೆದು ನಿನ್ನ ವಿಳಾಸ ಪಡೆದೆ. ನನಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ಅಮ್ಮ ಚೆನ್ನಾಗಿಲ್ಲ. ಅವಳನ್ನು ನೀನು ಬಂದು ನೋಡಬೇಕು, ಅದಕ್ಕೇ ಈ ಕಾಗದ. ಆದರೆ ನಮ್ಮಿಬ್ಬರ ಜಗಳ ಹಾಗೇ ಇಟ್ಟುಕೊಂಡು ಬಾ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ತಪ್ಪು ನನ್ನದು. ನಿನ್ನ ಧಾರಾವಾಹಿಯ ಸಿಪಾಯಿ ಪ್ರತಿ ಕುದುರೆಯ ಬೆನ್ನು ತಟ್ಟಿ "ಹೋಗ್ಬಾ ಮಗಳೇ" ಎಂದು ಕಳಿಸುತ್ತಿದ್ದ. ನಾನು ಗಾಳಿ ನೋಡಿ ಮುಗಿಸಿದ ಮೇಲೆ ಪ್ರತಿ ಬಸ್ಸಿನ ಹಿಂದಿನ ಟೈರು ತಟ್ಟಿ ಅದನ್ನೇ ಹೇಳುವುದು ಡಿಪೋದಲ್ಲಿ ಯಾರಿಗೆ ಗೊತ್ತಿಲ್ಲ? ಮೊದಲು ನನಗೆ ಒಳಗೊಳಗೇ ಖುಷಿಯಾಗಿತ್ತು. ಆಮೇಲೆ ಕಥೆಯಲ್ಲಿ ಕೋಟೆಯ ಮುದುಕಿ ಸತ್ತಳು. ಬೀಗದ ಕೈ, ಉಗ್ರಾಣ, ಗಾಯಾಳುಗಳು ಎಲ್ಲ ಅವಳ ಸುಪರ್ದಿನಲ್ಲಿದ್ದವು, ಆ ಪದವಿಗೆ ಕೋಟೆಯಮ್ಮ ಎಂದು ಹೆಸರು. ಅವಳ ಕೆಲಸ ಬಲ್ಲವನು ನಿನ್ನ ಸಿಪಾಯಿ ಒಬ್ಬನೇ. ಗಂಡಸಲ್ಲವೇ, ಇವನನ್ನು ಕೋಟೆಯಪ್ಪ ಎನ್ನೋಣ ಎಂದರು ಸಭೆಯ ಹಿರಿಯರು. ಬೇಡ, ಇದ್ದ ಹೆಸರೇ ಕೊಡಿ ಎಂದ ಅವನು. ಯಾಕೆ ಹಾಗೆಂದ ಎನ್ನುವುದನ್ನು ನೀನು ಮುಂದಿನ ವಾರಕ್ಕೆ ಉಳಿಸಿದೆ. ಆ ವಾರ ಡಿಪೋದ ಗೇಟಿನಲ್ಲೇ "ಕೋಟೆಯಮ್ಮ ಬಂದ್ಲು, ದಾರಿ ಬಿಡ್ರೋ" ಶುರುವಾಯಿತು. ಊಟದ ಕೋಣೆಯಲ್ಲಿ ಒಬ್ಬ ನನ್ನ ಟವೆಲನ್ನು ನನ್ನ ತಲೆಗೇ ಸೆರಗಿನಂತೆ ಹೊದಿಸಿದ. ಮನೆಗೆ ಬಂದವನೇ ನೀನು ಬರೆದಿಟ್ಟಿದ್ದ ಮುಂದಿನ ಕಂತನ್ನು ಗ್ರೀಸು ಮೆತ್ತಿದ ಕೈಯಲ್ಲೇ ಹರಿದು ಹಾಕಿದೆ. ಓದಿ ಹರಿದಿದ್ದರೂ ಒಂದು ಮಾತಿತ್ತು, ಓದದೇ ಹರಿದೆ. ನೀನು ಚೀಲ ತೆಗೆದುಕೊಂಡು ಹೊರಟೆ.

ನೀನು ಹೋದ ಮೇಲೆ ಅಮ್ಮನಿಗೆ ಮರೆವು ಹಿಡಿಯಿತು. ಮೊದಲು ಹಾಲು ಒಲೆಯ ಮೇಲಿಟ್ಟು ಮರೆತಳು. ಆಮೇಲೆ ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ಮಾಡಿದ್ದನ್ನೂ ಮರೆತಳು. ಕೈಗೆ ಮಾತ್ರ ನೆನಪಿದೆ, ಹೊದಿಕೆ ಕೊಟ್ಟರೆ ಈಗಲೂ ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಾಳೆ. ಕಳೆದ ವರ್ಷ ಒಂದು ಬೆಳಗ್ಗೆ ನನ್ನನ್ನು "ಅಮ್ಮಾ" ಎಂದಳು. ನಾನು ನಿನ್ನ ದೊಡ್ಡ ಮಗ ಕಣಮ್ಮ ಎಂದು ತಿದ್ದಿದೆ. ಅವಳು ಮಂಚದ ಕೆಳಗೆ, ಬಾಗಿಲ ಹಿಂದೆ ತನ್ನ ಅಮ್ಮನನ್ನು ಹುಡುಕಿದಳು. ಎರಡು ದಿನ ತುತ್ತು ಮುಟ್ಟಲಿಲ್ಲ. ಮೂರನೇ ದಿನ ಸೋತು, "ಇಲ್ಲೇ ಇದ್ದೀನಲ್ಲ ಮಗಳೇ, ಆ ಅನ್ನು" ಎಂದೆ. ತಕ್ಷಣ ಬಾಯಿ ತೆರೆದಳು. ತಟ್ಟೆ ಖಾಲಿಯಾದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ವಾರವೇ ಹಳೆಯ ಸಂಚಿಕೆಗಳನ್ನೆಲ್ಲ ಅಟ್ಟದಿಂದ ಇಳಿಸಿ ಅವಳ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ನಾನು ಹರಿದ ಕಂತು ಅಚ್ಚಾಗಿರಲಿಲ್ಲವಲ್ಲ, ಅವಳಿಗೆ ಎಷ್ಟು ತಿಳಿಯಿತೋ, ಸಿಪಾಯಿ ಹಾಗೇಕೆ ಕೇಳಿದ ಎಂದು ನನಗಂತೂ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ಆಸ್ಪತ್ರೆಯಲ್ಲಿ. ಕಫ ಕಟ್ಟಿ ಅವಳನ್ನು ಸೇರಿಸಿದ್ದೆವು. ಹೆಂಗಸರ ವಾರ್ಡು, ಗಂಡಸರು ಜೊತೆಗಿರುವಂತಿಲ್ಲ ಎಂದು ಕಾವಲಿನವನು ಕೈ ಅಡ್ಡ ಹಿಡಿದ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಸೂಪರ್‌ವೈಸರ್ ಗದರಿದರೆ ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕುವವನು. ಅಷ್ಟರಲ್ಲಿ ಒಳಗಿನಿಂದ ಅವಳು ಅಮ್ಮಾ ಎಂದು ಕೂಗಿದಳು. "ಕೇಳಿಸ್ತಾ? ಕರೀತಿರೋದು ನನ್ನನ್ನೇ. ಅವಳ ಅಮ್ಮ ನಾನು, ಬಿಡಿ ದಾರಿ" ಎಂದೆ. ಅಷ್ಟು ಗಟ್ಟಿ ಧ್ವನಿ ನನ್ನಲ್ಲಿತ್ತು ಎಂದು ನನಗೇ ಗೊತ್ತಿರಲಿಲ್ಲ. ಅವನು ನನ್ನ ಮುಖ ನೋಡಿದ, ಕೈ ತೆಗೆದ. ಹನ್ನೆರಡು ದಿನ ಆ ವಾರ್ಡಿನಲ್ಲಿದ್ದೆ. ಅಕ್ಕಪಕ್ಕದ ಮಂಚದ ಹೆಂಗಸರು ಕೂಡ ನೀರು ಬೇಕಾದರೆ ನನ್ನನ್ನೇ ಕರೆಯುತ್ತಿದ್ದರು.

ನಿನ್ನ ಸಿಪಾಯಿ ಯಾಕೆ ಆ ಹೆಸರನ್ನೇ ಕೇಳಿದ ಎಂದು ಅಲ್ಲಿ ಅರ್ಥವಾಯಿತು ಪುಟ್ಟಾ. ಕೋಟೆಯಪ್ಪ ಎಂದರೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ನನ್ನ ಹನ್ನೆರಡನೇ ವಯಸ್ಸಿನಿಂದ, ಅಮ್ಮ ಕೆಲಸಕ್ಕೆ ಹೋದಾಗ ನಿನಗೆ ಉಣಿಸಿ, ತಲೆ ಬಾಚಿ, ಸ್ಕೂಲಿಗೆ ಬಿಟ್ಟವನು ನಾನು. ಆ ಕೆಲಸಕ್ಕೆ ಯಾರೂ ಹೆಸರು ಕೊಟ್ಟಿರಲಿಲ್ಲ. ನೀನು ಪದವಿಯನ್ನೇ ಕೊಟ್ಟೆ. ಅದನ್ನು ನಾನು ಬೈಗುಳ ಎಂದುಕೊಂಡೆ. ನನ್ನನ್ನು ಕ್ಷಮಿಸು. ಡಿಪೋದವರು ಈಗಲೂ ಹಾಗೇ ಕರೆಯುತ್ತಾರೆ, ನಾನೂ ಏನ್ರೋ ಎಂದು ತಿರುಗುತ್ತೇನೆ. ಈಗ ಅದರಲ್ಲಿ ಅವರಿಗೇ ಮಜಾ ಉಳಿದಿಲ್ಲ.

ಖಾರ ಕಡಿಮೆ ಮಾಡು, ಕಣ್ಣು ನೋಡಿಕೊ. ನಿನ್ನ ಕೈಗೆ ಬರೆಯುವ ಶಕ್ತಿ ತಪ್ಪದಿರಲಿ ಎಂದು ಹರಸುವ,

ನಿನ್ನ ಅಣ್ಣ

ತಾ.ಕ.: ಕಾಗದ ಒಯ್ಯುವ ಡ್ರೈವರು ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮೊನ್ನೆಯಿಂದ ಅವಳ ಗಂಟಲಲ್ಲಿ ನೀರೂ ಇಳಿಯುತ್ತಿಲ್ಲ. ಬರಬೇಕಾದವರನ್ನು ಕರೆಸಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಈ ಡ್ರೈವರಿನ ಬಸ್ಸು ನಾಳೆ ಬೆಳಗ್ಗೆ ಎಂಟಕ್ಕೆ ನಿನ್ನೂರಿಂದ ವಾಪಸು ಹೊರಡುತ್ತದೆ, ಅದರಲ್ಲೇ ಬಂದುಬಿಡು. ಅವಳಿಗೆ ನಿನ್ನ ಗುರುತು ಸಿಗುವುದಿಲ್ಲ, ನೊಂದುಕೊಳ್ಳಬೇಡ. ಯಾರಾದರೂ ನನ್ನನ್ನು ಅಣ್ಣ ಎಂದರೆ ಬೆದರಿ ಅಮ್ಮ ಎಲ್ಲಿ ಎಂದು ಹುಡುಕುತ್ತಾಳೆ. ಅದಕ್ಕೇ, ಅವಳೆದುರು ನೀನೂ ನನ್ನನ್ನು ಅಮ್ಮ ಎಂದೇ ಕರೆ. ಸಂಕೋಚಪಡಬೇಡ, ನಾನು ಓಗೊಡುತ್ತೇನೆ.