ಉಜ್ಜಿ ತೆಗೆದ ಗೆರೆ

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಆಗಸ್ಟ್ ೧೧

ಪ್ರೀತಿಯ ಸೊಸೆಗೆ, ನಿನ್ನ ಬಾಯಿಬಡುಕಿ ಅತ್ತೆಯ ಆಶೀರ್ವಾದ.

ಹೇಗಿದ್ದೀಯಮ್ಮ? ರಾತ್ರಿ ಪಾಳಿ ಮುಗಿಯಿತೇ, ಇಲ್ಲ ಇನ್ನೂ ಅದೇ ವಾರ್ಡಿನಲ್ಲಿ ಹಾಕಿದ್ದಾರೆಯೇ? ನರ್ಸಮ್ಮನಿಗೆ ಆರೋಗ್ಯದ ಬಗ್ಗೆ ನಾನು ಬುದ್ಧಿ ಹೇಳಬಾರದು, ಆದರೂ ಹೇಳುತ್ತೇನೆ, ನಿಂತುಕೊಂಡೇ ಊಟ ಮಾಡಬೇಡ. ಪುಟ್ಟಿಯ ಹೊಸ ಹಲ್ಲು ನೇರವಾಗಿ ಬರುತ್ತಿದೆಯೇ? ಅವಳ ಅಪ್ಪನಿಗೂ ಮುಂದಿನ ಹಲ್ಲು ಸೊಟ್ಟಗೇ ಬಂದಿತ್ತು, ಆಮೇಲೆ ತಾನಾಗಿ ಸರಿಹೋಯಿತು. ನನ್ನ ಮಂಡಿ ಇದ್ದ ಹಾಗೇ ಇದೆ. ರಕ್ತದೊತ್ತಡ ಮಾತ್ರ ಈ ವಾರ ಏರಿದೆ. ಯಾಕೆಂದು ಮುಂದೆ ಓದಿದರೆ ನಿನ್ನದೂ ಏರುತ್ತದೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ ಸಮಾಧಾನ ಮಾಡುತ್ತೀಯ. ನನಗೀಗ ಸಮಾಧಾನ ಬೇಡ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹೊಳೆ ಉಕ್ಕಿ ಮನೆಗೆ ನೀರು ಬಂದಾಗ ಎದುರು ಮನೆಯವರ ಫೋನಿನಿಂದ ನಿನಗೆ "ಏನಿಲ್ಲ, ಒಂಚೂರು ನೀರು" ಎಂದಿದ್ದೆ. ಅದು ಸುಳ್ಳು. ನೀರು ನನ್ನ ಎದೆಮಟ್ಟ ನಿಂತಿತ್ತು. ನಾನು ಅವರ ಮಹಡಿಯಲ್ಲಿ ಕೂತು, ನಮ್ಮ ಇಸ್ತ್ರಿ ಮೇಜು ಬಾಗಿಲಿನಿಂದ ಹೊರಬಿದ್ದು ಬೀದಿಯುದ್ದಕ್ಕೂ ತೇಲಿಹೋಗುವುದನ್ನು ಕಣ್ಣಾರೆ ನೋಡಿದೆ. ನೀರು ಇಳಿದಾಗ ಪ್ರತಿ ಕೋಣೆಯ ಗೋಡೆಗೂ ಸುತ್ತ ಒಂದು ಕಂದು ಗೆರೆ, ಅದರ ಕೆಳಗೆಲ್ಲ ಕೆಸರು. ಜೀವಮಾನವಿಡೀ ಕಂಡವರ ಕಾಲರಿನ ಕೊಳೆ ತೆಗೆದವಳು ನಾನು, ನನ್ನ ಮನೆಯ ಗೋಡೆಯ ಮೇಲೆ ಕೊಳೆ ನೋಡಿಕೊಂಡು ಕೂರಲು ಸಾಧ್ಯವೇ? ಸೋಡಾ, ಬ್ರಷ್ಷು, ಬಿಸಿನೀರು ಹಿಡಿದು ಉಜ್ಜಿದೆ ನೋಡು! ನೆಲ, ಗೋಡೆ, ಕಿಟಕಿಯ ಸರಳು, ಒಂದನ್ನೂ ಬಿಡಲಿಲ್ಲ. ಮೇಲೆ ಸುಣ್ಣವನ್ನೂ ಬಳಿಸಿದೆ. ಬೀದಿಯವರೆಲ್ಲ ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನಾನೂ ಸ್ವಲ್ಪ ಬೀಗಿದೆ.

ಪಕ್ಕದ ಗಡಿಯಾರ ರಿಪೇರಿಯ ನಾಳೆರಾಯ ನೆನಪಿದ್ದಾನಲ್ಲ, ನಿನ್ನ ವಾಚನ್ನು "ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ" ಎಂದು ಎರಡು ವರ್ಷ ಇಟ್ಟುಕೊಂಡವನು? ಅವನು ಕೆಸರನ್ನು ಕೆಸರಿನ ಪಾಡಿಗೆ ಬಿಟ್ಟು, ಬಾಗಿಲಿಗೆ ಬೀಗ ಜಡಿದು, ಅಕ್ಕನ ಮನೆಗೆ ಹೋಗಿ ಕಾಲು ಚಾಚಿ ಮಲಗಿದ. ಸೋಮಾರಿ ಎಂದು ಅವನನ್ನು ಬಾಯಿತುಂಬ ಬೈದಿದ್ದೆ.

ಸರ್ಕಾರ ನಮ್ಮ ಪ್ರದೇಶವನ್ನು ವಿಪತ್ತು ಪೀಡಿತ ಎಂದು ಘೋಷಿಸಿದ್ದು ಯಾವಾಗ ಗೊತ್ತೇ? ನೀರು ಬಂದು ಹೋಗಿ ಐದು ವಾರದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಘೋಷಣೆ ಆಗುವ ತನಕ ಯಾವ ಅಧಿಕಾರಿಯೂ ಮನೆ ನೋಡಲು ಬರುವಂತಿಲ್ಲ, ಯಾರಿಗೂ ಬಿಡಿಗಾಸು ಕೊಡುವಂತಿಲ್ಲ. ಆದ ಮೇಲೆ ಒಬ್ಬ ಟೇಪು ಹಿಡಿದುಕೊಂಡು ಬಂದ. ಗೋಡೆಯ ಮೇಲೆ ನೀರಿನ ಗೆರೆ ಎಷ್ಟು ಎತ್ತರವೋ ಪರಿಹಾರವೂ ಅಷ್ಟಂತೆ. "ಗೆರೆ ಎಲ್ಲಮ್ಮಾ?" ಎಂದ. ಉಜ್ಜಿಬಿಟ್ಟೆ ಎಂದೆ. "ಘೋಷಣೆಗೆ ಮುಂಚೆ ಯಾಕಮ್ಮಾ ಉಜ್ಜಿದ್ರಿ? ಮನೆ ಚೆನ್ನಾಗೇ ಇದೆಯಲ್ಲಾ!" ಎಂದು ಅದನ್ನೇ ಬರೆದುಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಐದು ವಾರ ನಾನು ಕೆಸರು ಹೊದ್ದು ಮಲಗಬೇಕಿತ್ತೇ? ನೀರು ಬಂದಾಗ ವಿಪತ್ತು ಬರಲಿಲ್ಲ, ಕಾಗದಕ್ಕೆ ಸಹಿ ಬಿದ್ದಾಗ ಬಂತು! ಹಿಂದಿನ ಗೋಡೆ ಬಿರುಕುಬಿದ್ದು ಹೊಟ್ಟೆ ಬಿಟ್ಟುಕೊಂಡು ನಿಂತಿರುವುದನ್ನು ತೋರಿಸಿದೆ. "ಈ ಬಿರುಕು ಹಳೇದಿರಬಹುದು" ಎಂದ. ಮುಂದಿನ ಮಳೆಗಾಲದೊಳಗೆ ಅದನ್ನು ಕೆಡವಿ ಕಟ್ಟದಿದ್ದರೆ ಮನೆ ನಿಲ್ಲದು ಎಂದು ಮೇಸ್ತ್ರಿ ಹೇಳಿದ್ದಾನೆ. ಪರಿಹಾರವಿಲ್ಲದೆ ನನ್ನ ಕೈಯಲ್ಲಿ ಅದು ಆಗದು. ಆಗಲೇ ಒಬ್ಬ ಬ್ರೋಕರ್ ಬಂದು "ಇದ್ದ ಹಾಗೇ ಮಾರಿಬಿಡಿ ಅಜ್ಜಿ" ಎಂದು ಹಲ್ಲು ಕಿರಿದು ಹೋಗಿದ್ದಾನೆ.

ಅದೇ ಅಧಿಕಾರಿ ನಾಳೆರಾಯನ ಬೀಗ ತೆಗೆಸಿ, ಅವನ ಗೋಡೆಯ ಗೆರೆಗೆ ಮದುಮಗನಿಗೆ ತೆಗೆದ ಹಾಗೆ ಫೋಟೋ ಮೇಲೆ ಫೋಟೋ ತೆಗೆದ. ಅವನಿಗೆ ಪೂರ್ತಿ ಪರಿಹಾರ! ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಈ ಸಲ ಕೈ ಕೆಸರು ಮಾಡಿಕೊಂಡವಳಿಗೆ ಬರೀ ಕೆಸರು, ಕೆಸರು ಮುಟ್ಟದವನಿಗೆ ಗಡಿಗೆ ತುಂಬ ಮೊಸರು. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಪಾಪ, ಅವನ ಗಡಿಯಾರಗಳೆಲ್ಲ ಹಾಳಾಗಿವೆ. ಆದರೆ ಕಚೇರಿಗೆ ಹೋಗಿ ಕೇಳಿಯೇ ಕೇಳಿದೆ. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವನ ಕಡೆ ಎದೆಮಟ್ಟ ನಿಂತ ನೀರು ನಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ವಾಪಸ್ ಹೋಯಿತೇ ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ದೊಡ್ಡ ಅಧಿಕಾರಿ ನಗಲಿಲ್ಲ. ಪ್ರತಿ ಮನೆಗೂ ಅದರದೇ ಗುರುತು ಬೇಕಂತೆ. ಬೀದಿಯ ಫೋಟೋಗಳಿವೆ, ಒಳಗಿನದೊಂದೂ ಇಲ್ಲ, ನನ್ನ ಫೋನೇ ನೀರಿನಲ್ಲಿತ್ತಲ್ಲ. ಕೂಗಾಡಿದ್ದಕ್ಕೆ ಇಪ್ಪತ್ತನಾಲ್ಕನೇ ತಾರೀಖು ಇನ್ನೊಮ್ಮೆ ಬಂದು ನೋಡುತ್ತಾರಂತೆ. ಅಂದು ಗೆರೆ ತೋರಿಸದಿದ್ದರೆ ಅಲ್ಲಿಗೆ ಮುಗಿಯಿತು.

ಪುಟ್ಟಿಗೆ ಎರಡು ಕೆನ್ನೆಗೂ ಮುತ್ತು. ಅಜ್ಜಿ ಸರ್ಕಾರದ ಜೊತೆ ಜಗಳವಾಡಿದಳು ಎಂದು ಅವಳಿಗೆ ಹೇಳು, ಖುಷಿಪಡುತ್ತಾಳೆ. ನಿನ್ನ ಜೊತೆಯ ನರ್ಸುಗಳನ್ನೆಲ್ಲ ಕೇಳಿದೆನೆಂದು ಹೇಳು. ನೀವಿಬ್ಬರೂ ತಣ್ಣಗಿರಿ, ಉರಿಯುವುದಕ್ಕೆ ಇಲ್ಲಿ ನಾನಿದ್ದೇನೆ.

ಇಂತಿ,
ನಿನ್ನ ಅತ್ತೆ

ಮತ್ತೆ: ಮುಖ್ಯವಾದದ್ದನ್ನು ಮರೆತೆ. ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ನಾನು ಉಜ್ಜದ ಜಾಗ ಒಂದಿದೆ, ನಿನ್ನ ಕೋಣೆಯ ಗೋಡೆಯೊಳಗಿನ ಬೀರು. ನನ್ನ ಮಗ ಹೋದ ಮೇಲೆ ಅವನ ಅಂಗಿಗಳನ್ನು ಅದರಲ್ಲಿಟ್ಟು, "ಒಗೀಬೇಡಿ ಅತ್ತೆ, ಅವರ ವಾಸನೆ ಇದೆ" ಎಂದು ಬೀಗ ಹಾಕಿಕೊಂಡು ಹೋದೆಯಲ್ಲ. ಅದರ ಬಾಗಿಲನ್ನು ಹೊರಗಿನಿಂದ ಮಾತ್ರ ಒರೆಸಿದ್ದೇನೆ. ಬೀಗದವನು "ಎರಡು ನಿಮಿಷದ ಕೆಲಸ" ಎಂದ, ಬೈದು ಕಳಿಸಿದೆ. ಒಳಗೆ ಗೆರೆ ಇದ್ದರೆ ಮನೆ ಉಳಿಯುತ್ತದೆ. ಗೆರೆ ಇದ್ದರೆ ಅಂಗಿಗಳಲ್ಲಿ ಅವನ ವಾಸನೆ ಉಳಿದಿರುವುದಿಲ್ಲ. ಏನೆಂದು ಬೇಡಿಕೊಳ್ಳಲಿ ಹೇಳು? ಕೀಲಿಯನ್ನು ಟಪಾಲಿನಲ್ಲಿ ಕಳಿಸಬೇಡ ಮಗಳೇ, ನೀನೇ ತೆಗೆದುಕೊಂಡು ಬಾ. ನನಗೊಬ್ಬಳಿಗೆ ಅದನ್ನು ತೆರೆಯಲು ಆಗುವುದಿಲ್ಲ.