ಪಿಕಳಾರದ ದಾರಿಗೆ ಅಡ್ಡ

ಏಪ್ರಿಲ್ ೧೨, ಭಾನುವಾರ

ಇವತ್ತು ನನ್ನ ಮೇಲೆ ನನಗೇ ನಾಚಿಕೆ. ದಾಸವಾಳದ ಗಿಡದಲ್ಲಿ ಪಿಕಳಾರ ಹಕ್ಕಿ ಮರಿ ಮಾಡಿ ಐದು ದಿನವಾಯ್ತು. ಬೆಳಿಗ್ಗೆ, ಹಕ್ಕಿಗಳಿಗೆ ಕಾಣದಂತೆ ಒಳಗೆ ಕೂತು ಚಿತ್ರ ತೆಗೆಯುವ ನನ್ನ ಹಸಿರು ಬಟ್ಟೆಯ ಮರೆಯನ್ನು ಗೂಡಿನಿಂದ ನಾಲ್ಕೇ ಹೆಜ್ಜೆ ದೂರಕ್ಕೆ ಎಳೆದು ತಂದು, ಕ್ಯಾಮೆರಾ ಹಿಡಿದು ಒಳಗೆ ಕೂತೆ. ತಾಯಿ ಮರಿಗೆ ತುತ್ತು ಕೊಡುವ ಒಂದು ಚಿತ್ರ ಸಿಕ್ಕಿದ್ದರೆ ಸಾಕಿತ್ತು. ಒಂದು ಗಂಟೆಯಾದರೂ ಅದು ಗೂಡಿಗೆ ಬರಲೇ ಇಲ್ಲ. ಹಕ್ಕಿಗೇನೋ ಹಠ ಅಂದುಕೊಂಡೆ.

ಅಷ್ಟರಲ್ಲಿ ಅತ್ತೆ ಬಂದು ಬಟ್ಟೆ ಸರಿಸಿದರು. ಅಡುಗೆಮನೆ ಕಿಟಕಿಯಿಂದ ಎಲ್ಲ ನೋಡುತ್ತಿದ್ದರಂತೆ.

"ಹುಳ ಕಚ್ಕೊಂಡು ನಿನ್ನ ಹಿಂದಿನ ತಂತಿ ಮೇಲೆ ಆರು ಸಲ ಬಂದು ಕೂತು ಹೋಯ್ತು ಕಣೇ. ಬಾಣಂತಿ ಮನೆ ಬಾಗಿಲಿಗೆ ಅಡ್ಡ ಕೂತಿದ್ದೀಯಲ್ಲ, ಅದು ಒಳಗೆ ಹೋಗೋದು ಹೇಗೆ?"

"ನಾನು ಅದಕ್ಕೆ ಕಾಣಲ್ಲ ಅತ್ತೆ."

"ನೀನು ಕಾಣಲ್ಲ, ಸರಿ. ನಿನ್ನ ಗುಡಾರ?"

ನಾನು ಎದ್ದು ಹೊರಗೆ ಬಂದೆ. ಇಬ್ಬರೂ ಸೇರಿ ಮರೆಯನ್ನು ಎತ್ತಿ ಕಾಂಪೌಂಡ್ ಗೋಡೆಯವರೆಗೂ ಒಯ್ದೆವು. ಅಲ್ಲಿಂದ ಲೆನ್ಸಿಗೆ ಬರೀ ಎಲೆ ಕಾಣುತ್ತೆ. ಹತ್ತು ನಿಮಿಷವೂ ಆಗಿರಲಿಲ್ಲ, ತಾಯಿ ಸರ್ರನೆ ಗಿಡದೊಳಗೆ ನುಗ್ಗಿತು. ಮರಿಗಳ ಕೂಗು ನಮ್ಮವರೆಗೂ ಕೇಳಿಸಿತು. ಅತ್ತೆ ನನ್ನ ಮೊಣಕೈ ಹಿಡಿದು ನಿಂತಿದ್ದರು. ಮದುವೆಯಾದ ಈ ಎಂಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದ ನೆನಪೇ ಇಲ್ಲ.

ಚಿತ್ರ ಒಂದೂ ಇಲ್ಲ. ಆ ಒಂದು ಗಂಟೆ ಹಸಿದಿದ್ದ ಮರಿಗಳನ್ನು ನೆನೆದರೆ ಈಗಲೂ ನೋವಾಗುತ್ತೆ. ಆದರೂ ಮನಸ್ಸು ಹಗುರಾಗಿದೆ. ನಾಳೆ ಗೋಡೆಯ ಹತ್ತಿರ ಅತ್ತೆಗೂ ಒಂದು ಕುರ್ಚಿ ಹಾಕಿ, ಇಬ್ಬರೂ ಸುಮ್ಮನೆ ಕೂತು, ತಾಯಿ ಬಂದು ಹೋಗೋದನ್ನು ನೋಡಬೇಕು.